ಹಳೆಯ ಟರ್ಬೊ ಕಾರಿಗೆ ರೀಮ್ಯಾಪ್ ಮಾಡಿಸುವ ಮೊದಲು ಗಾಳಿ ಸೋರಿಕೆ ನೋಡಿ
ಸಂಪಾಜೆ ಘಾಟಿ ಹತ್ತುವಾಗ ನಿಮ್ಮ ಹಳೆಯ ಟರ್ಬೊ ಡೀಸೆಲ್ ಕಾರು ಮೊದಲಿನಂತೆ ಎಳೆಯುತ್ತಿಲ್ಲವಾದರೆ, ರೀಮ್ಯಾಪ್‌ಗೆ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದಕ್ಕೆ) ಹಣ ಸುರಿಯುವ ಮೊದಲು, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ ಆ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ಗೂ ಅಲ್ಲಿಂದ ಎಂಜಿನ್‌ಗೂ ಹೋಗುವ ರಬ್ಬರ್ ಹೋಸ್‌ಗಳನ್ನು ಗಾಳಿಯ ಒತ್ತಡ ಕೊಟ್ಟು ಪರೀಕ್ಷಿಸಿ. ಎಂಜಿನ್ ಆರಿಸಿ, ಟರ್ಬೊಗೆ ಗಾಳಿ ಒಳಹೋಗುವ ಬಾಯಿಗೆ ವಾಲ್ವ್ ಇರುವ ಮುಚ್ಚಳ ಬಿಗಿದು, ಕಂಪ್ರೆಸರ್‌ನಿಂದ 15 ಪಿಎಸ್‌ಐ ಮೀರದಂತೆ ನಿಧಾನವಾಗಿ ಗಾಳಿ ತುಂಬಿಸಿ, ಪ್ರತಿ ಜೋಡಣೆಗೂ ಹೋಸಿನ ಕೆಳಮೈಗೂ ಸೋಪಿನ ನೀರು ಸಿಂಪಡಿಸಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಕಪ್ಪಾಗಿರುವ ಕ್ಲಿಪ್‌ಗಳ ಸುತ್ತ ಮೊದಲು ನೋಡಿ. ಐಡ್ಲಿಂಗ್‌ನಲ್ಲಿ ಮುಚ್ಚಿಕೊಂಡಿರುವ ಸೀಳು ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಏರಿದಾಗ ಮಾತ್ರ ಬಾಯಿ ಬಿಡುವುದರಿಂದ, ಸೆನ್ಸರ್ ಅಳೆದ ಗಾಳಿಯೆಲ್ಲ ಸಿಲಿಂಡರ್ ತಲುಪದೆ ಕಪ್ಪು ಹೊಗೆ ಬಂದು ಎಳೆತ ಕುಸಿಯುತ್ತದೆ. ಹೋಸ್ ಬದಲಿಸಿ, ನಮ್ಮ ಮಳೆಗಾಲಕ್ಕೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಕ್ಲಿಪ್ ಹಾಕಿಸಿದರೆ, ಸೋರಿಕೆಯಿಂದ ಕಳೆದುಹೋಗಿದ್ದ ಶಕ್ತಿ ಮರಳುತ್ತದೆ. ದಿನಬಳಕೆಯ ಕಾರಿಗೆ ಇದಕ್ಕಿಂತ ನಂಬಲರ್ಹವಾದ ಮೊದಲ ಹೆಜ್ಜೆ ಇಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಆದರೆ ಟರ್ಬೊದೊಳಗೆ ಹೊಗೆಯ ಹರಿವನ್ನು ನಿಯಂತ್ರಿಸುವ ಪುಟ್ಟ ರೆಕ್ಕೆಗಳು (ವೇನ್‌ಗಳು) ಮಸಿಯಿಂದ ಸಿಲುಕಿಕೊಂಡಿದ್ದರೆ ಅಥವಾ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್ ತೆರೆದೇ ನಿಂತಿದ್ದರೆ ಇದರಿಂದ ಪ್ರಯೋಜನವಾಗದು. ಏರಿನಲ್ಲಿ ಆರ್‌ಪಿಎಂ ಏರಿಯೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿರುವ ಸಾಧ್ಯತೆಯೇ ಹೆಚ್ಚು, ಅದನ್ನು ಸರಿಪಡಿಸದೆ ಶಕ್ತಿ ಹೆಚ್ಚಿಸಿದರೆ ಕ್ಲಚ್ ಇನ್ನೂ ಬೇಗ ಸುಟ್ಟುಹೋಗುತ್ತದೆ.