ವರ್ಷಗಟ್ಟಲೆ ನಿಂತ ಮರ್ಸಿಡಿಸ್ 280 ಎಸ್‌ಇ ಕ್ಯಾಬ್ರಿಯೊಲೆಯನ್ನು ಮತ್ತೆ ಚಾಲೂ ಮಾಡುವ ಕ್ರಮ

1968ರಿಂದ 1971ರವರೆಗೆ ತಯಾರಾದ 280 ಎಸ್‌ಇ ಕ್ಯಾಬ್ರಿಯೊಲೆ (ಕಂಪನಿಯ ಮಾದರಿ ಸಂಕೇತ ಡಬ್ಲ್ಯು 111) ಬಹುಕಾಲ ಶೆಡ್ಡಿನಲ್ಲೇ ನಿಂತಿದ್ದರೆ, ಹೊಸ ಬ್ಯಾಟರಿ ಹಾಕಿ ನೇರವಾಗಿ ಕೀಲಿ ತಿರುಗಿಸಬೇಡಿ. ಅದರ 2,778 ಸಿಸಿಯ, ಆರು ಸಿಲಿಂಡರಿನ ಎಂ130 ಎಂಜಿನ್ ಗಟ್ಟಿಮುಟ್ಟಾದದ್ದು. ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕಿಗೆ ಏಳು ಮೇನ್ ಬೇರಿಂಗ್‌ಗಳ ಆಸರೆಯಿದೆ. ನಾಜೂಕಾಗಿರುವುದು ಬಾಷ್‌ನ ಮೆಕ್ಯಾನಿಕಲ್ ಇಂಜೆಕ್ಷನ್ ಪಂಪ್. ಕಾರಿನಲ್ಲಿ ಇಷ್ಟು ಸುಲಭವಾಗಿ ಹಾಳಾಗುವ, ಇಷ್ಟು ದುಬಾರಿಯ ಭಾಗ ಬೇರೊಂದಿಲ್ಲ.

ಪಂಪ್‌ನೊಳಗೆ ಸಿಲಿಂಡರಿಗೊಂದರಂತೆ, ಪೆಟ್ರೋಲ್ ಒತ್ತುವ ಆರು ಪ್ಲಂಜರ್‌ಗಳಿವೆ. ಪ್ಲಂಜರಿಗೂ ಅದು ಚಲಿಸುವ ಕೊಳವೆಯಾದ ಬ್ಯಾರಲ್ಲಿಗೂ ನಡುವಿನ ಸಂದು ಮಿಲಿಮೀಟರಿನ ಕೆಲವೇ ಸಾವಿರಾಂಶ. ಹಳೆಯ ಪೆಟ್ರೋಲ್ ಒಣಗಿ ಅಂಟಾದರೆ, ಅಥವಾ ಎಥನಾಲ್ ಹೀರಿಕೊಂಡ ನೀರಿನಿಂದ ತುಕ್ಕು ಹಿಡಿದರೆ, ಪ್ಲಂಜರ್ ಇದ್ದಲ್ಲೇ ಕಚ್ಚಿಕೊಳ್ಳುತ್ತದೆ. ಆರನ್ನೂ ತಿರುಗಿಸಿ ಪೆಟ್ರೋಲಿನ ಪ್ರಮಾಣ ಹೆಚ್ಚುಕಡಿಮೆ ಮಾಡುವುದು ಒಂದೇ ಹಲ್ಲುಸರಳು, ಅಂದರೆ ರ‍್ಯಾಕ್. ಹಾಗಾಗಿ ಒಂದು ಪ್ಲಂಜರ್ ಕಚ್ಚಿಕೊಂಡರೂ ಆರರ ಮೇಲಿನ ಹಿಡಿತವೂ ತಪ್ಪುತ್ತದೆ.

ಟ್ಯಾಂಕ್‌ನಿಂದ ಶುರು ಮಾಡಿ

ಹಿಂಭಾಗವನ್ನು ಜಾಕ್ ಮೇಲೆ ಎತ್ತುವಾಗ ಬಾಗಿಲಿನ ಸಂದಿನ ಮೇಲೆ ಕಣ್ಣಿಡಿ. ಮೇಲ್ಛಾವಣಿಯಿಲ್ಲದ ಈ ಬಾಡಿಯ ಬಲವೆಲ್ಲ ನೆಲದ ತಗಡಿನಲ್ಲಿ ಮತ್ತು ಬಾಗಿಲ ಕೆಳಗಿನ ಸಿಲ್‌ಗಳಲ್ಲಿದೆ. ಎತ್ತಿದಾಗ ಸಂದು ಬದಲಾದರೆ ಒಳಗೆ ತುಕ್ಕು ತಿಂದಿದೆ ಎಂದರ್ಥ. ಎಂಜಿನ್ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ಬಾಡಿ ನೋಡಿಸಿ.

ಪೆಟ್ರೋಲನ್ನು ಪೂರ್ತಿ ಇಳಿಸಿ. ಟ್ಯಾಂಕ್ ತಳದ ಡ್ರೈನ್ ಪ್ಲಗ್ ಬಿಚ್ಚಿದರೆ ಅದರೊಂದಿಗೇ ಜಾಲರಿಯೂ ಹೊರಬರುತ್ತದೆ. ಅದರಲ್ಲಿ ಕಂದು ಕೆಸರು ಇದ್ದರೆ ಟ್ಯಾಂಕ್ ಇಳಿಸಿ ತೊಳೆಯಲೇಬೇಕು. ರಬ್ಬರ್ ಹೋಸ್‌ಗಳನ್ನೆಲ್ಲ ಎಥನಾಲ್ ತಡೆಯುವ ಬಗೆಯವಕ್ಕೆ ಬದಲಿಸಿ, ಎಂಜಿನ್ ಬಳಿಯ ಪೆಟ್ರೋಲ್ ಫಿಲ್ಟರನ್ನೂ ಹೊಸದು ಹಾಕಿ.

ಹೊಸ ಪೆಟ್ರೋಲ್ ಹಾಕಿದ ಮೇಲೆ ಟ್ಯಾಂಕ್ ಬಳಿಯ ಎಲೆಕ್ಟ್ರಿಕ್ ಪಂಪ್‌ನ ಪರೀಕ್ಷೆ. ಟ್ಯಾಂಕಿಗೆ ಮರಳುವ ರಿಟರ್ನ್ ಹೋಸನ್ನು ಅಳತೆಯ ಪಾತ್ರೆಗೆ ಬಿಟ್ಟು ಪಂಪ್ ಓಡಿಸಿ: 15 ಸೆಕೆಂಡಿನೊಳಗೆ 1 ಲೀಟರ್ ಬರಬೇಕು. ಬರದಿದ್ದರೆ ಜಾಲರಿ, ಫಿಲ್ಟರ್, ಪಂಪ್ ಇವುಗಳಲ್ಲೊಂದು ದೋಷಿ. ಕಡಿಮೆ ಹರಿವಿನಲ್ಲೂ ಕಾರು ಐಡ್ಲಿಂಗ್‌ನಲ್ಲಿ ಚೆನ್ನಾಗಿಯೇ ಓಡಬಹುದು. ವೇಗ ಹೆಚ್ಚಿಸಿದಾಗ ಮುಗ್ಗರಿಸುತ್ತದೆ.

ಪ್ಲಂಜರ್‌ಗಳ ಪರೀಕ್ಷೆ

ಆರೂ ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರುಗಳಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಡಿ. ಸ್ಟಾರ್ಟರ್ ಮುಟ್ಟದೆ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ಓಡುವ ದಿಕ್ಕಿಗೇ ಕೈಯಿಂದ ತಿರುಗಿಸಿ. ಪಂಪ್‌ನ ಮೇಲ್ಭಾಗವನ್ನು ಬ್ರಷ್‌ನಿಂದ ಸ್ವಚ್ಛ ಮಾಡಿದ ಮೇಲೆಯೇ ಆರು ಇಂಜೆಕ್ಷನ್ ಪೈಪುಗಳನ್ನು ಬಿಚ್ಚಿ. ಒಂದು ಮರಳಿನ ಕಣ ಒಳಹೊಕ್ಕರೂ ಪ್ಲಂಜರಿನ ಮೇಲೆ ಗೀರು ಬೀಳುತ್ತದೆ.

ಎಲೆಕ್ಟ್ರಿಕ್ ಪಂಪ್ ಓಡುತ್ತಿರಲಿ. ಇಂಜೆಕ್ಷನ್ ಪಂಪ್‌ನ ಲಿವರನ್ನು ಪೂರ್ತಿ ಆಕ್ಸಿಲರೇಟರ್ ಸ್ಥಾನಕ್ಕೆ ಮೆಲ್ಲಗೆ ಎಳೆದು ಹಿಡಿದು ಕ್ರ್ಯಾಂಕ್ ತಿರುಗಿಸಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ. ಕ್ರ್ಯಾಂಕಿನ ಎರಡು ಸುತ್ತಿಗೆ ಪಂಪ್ ಒಂದು ಸುತ್ತು ಬರುತ್ತದೆ. ಅಷ್ಟರಲ್ಲಿ 1-5-3-6-2-4ರ ಕ್ರಮದಲ್ಲಿ ಪ್ರತಿ ಬಾಯಲ್ಲೂ ಪೆಟ್ರೋಲ್ ಉಕ್ಕಬೇಕು. ಯಾವುದು ಸುಮ್ಮನಿದೆಯೋ ಅಲ್ಲಿ ಪ್ಲಂಜರ್ ಅಥವಾ ಮೇಲಿನ ಡೆಲಿವರಿ ವಾಲ್ವ್ ಕಚ್ಚಿದೆ. ಎಲೆಕ್ಟ್ರಿಕ್ ಪಂಪ್ ನಿಲ್ಲಿಸಿ, ಆ ವಾಲ್ವ್ ತೆಗೆದು ಪೆನೆಟ್ರೇಟಿಂಗ್ ಆಯಿಲ್ ತುಂಬಿ ಒಂದು ರಾತ್ರಿ ಬಿಡಿ. ಆಮೇಲೆ ಪ್ಲಂಜರನ್ನು ಮೃದುವಾದ ಮರದ ಕಡ್ಡಿಯಿಂದ ಹಗುರವಾಗಿ ತಟ್ಟಿ. ವಾಲ್ವ್‌ಗಳನ್ನು ಅದಲುಬದಲು ಮಾಡಬೇಡಿ. ಪ್ರತಿಯೊಂದಕ್ಕೂ ಅದರದೇ ಜಾಗ. ಎರಡು ದಿನ ನೆನೆದರೂ ಬಿಡದಿದ್ದರೆ ಪಂಪ್ ಬಿಚ್ಚಿ, ಪರೀಕ್ಷಾ ಬೆಂಚ್ ಇರುವ ಕಾರ್ಯಾಗಾರಕ್ಕೆ ಒಪ್ಪಿಸುವುದೇ ಸರಿ.

ಚಾಲೂ ಆದ ಮೇಲೆ

ತಣ್ಣಗಿನ ಎಂಜಿನ್‌ಗೆ ಹೆಚ್ಚುವರಿ ಪೆಟ್ರೋಲ್ ಮತ್ತು ಗಾಳಿ ಕೊಡುವುದು ಪಂಪ್ ಮೇಲಿನ ವಾರ್ಮ್‌ಅಪ್ ಸಾಧನ. ಅದರೊಳಗಿನ ಥರ್ಮೋಸ್ಟಾಟಿಗೆ ಕೂಲೆಂಟ್ ಹರಿಯುತ್ತದೆ. ಅದರ ಗಾಳಿ ಫಿಲ್ಟರ್ ತೆಗೆದು ಬೆರಳಿಟ್ಟು ನೋಡಿ: ತಣ್ಣಗಿರುವಾಗ ಗಾಳಿ ಸೆಳೆಯಬೇಕು, ಕೂಲೆಂಟ್ ಸುಮಾರು 70 ಡಿಗ್ರಿ ಸೆಲ್ಸಿಯಸ್ ತಲುಪುವಷ್ಟರಲ್ಲಿ ಸೆಳೆತ ನಿಲ್ಲಬೇಕು. ನಿಲ್ಲದಿದ್ದರೆ ಬಿಸಿ ಎಂಜಿನ್‌ಗೂ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಲೇ ಇರುತ್ತದೆ. ಅದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸದೆ ಓಡಿಸಬೇಡಿ.

ಮಿಶ್ರಣ ಸರಿಯಿಲ್ಲವೆಂದು ಕಂಡ ಕೂಡಲೇ ಪಂಪ್‌ನ ಸ್ಕ್ರೂ ತಿರುವುವುದು ಈ ಕಾರುಗಳಲ್ಲಿ ಸರ್ವೇಸಾಮಾನ್ಯವಾದ ತಪ್ಪು. ಮೊದಲು ಆಕ್ಸಿಲರೇಟರಿನ ರಾಡುಗಳ ಜೋಡಣೆಯಾದ ಲಿಂಕೇಜ್ ನೋಡಿ: ಥ್ರಾಟಲ್‌ನ ಚಿಟ್ಟೆ (ಗಾಳಿಯ ದಾರಿ ತೆರೆಯುವ ಬಿಲ್ಲೆ) ಮತ್ತು ಪಂಪ್ ಲಿವರ್ ಒಟ್ಟಿಗೆ ಹೊರಟು ಒಟ್ಟಿಗೆ ಕೊನೆ ಮುಟ್ಟಬೇಕು. ಸವೆದ ಬಾಲ್ ಜಾಯಿಂಟ್‌ಗಳನ್ನು ಬದಲಿಸಿ.

ಅದೂ ಸರಿಯಿದ್ದರೆ, ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಪಂಪ್‌ಗೆ ಹೋಗುವ ರಾಡ್ ಬಿಡಿಸಿ ಲಿವರನ್ನು ಮಾತ್ರ ಕೊಂಚ ಸರಿಸಿ. ವೇಗ ಏರಿದರೆ ಮಿಶ್ರಣ ತೆಳು (ಪೆಟ್ರೋಲ್ ಕಡಿಮೆ), ತಕ್ಷಣ ಕುಸಿದರೆ ಮಂದ (ಪೆಟ್ರೋಲ್ ಹೆಚ್ಚು). ತಿದ್ದುವ ಗುಬುಟು ಪಂಪ್‌ನ ಹಿಂತುದಿಯಲ್ಲಿದೆ. ಎಂಜಿನ್ ನಿಲ್ಲಿಸಿಯೇ ಅದನ್ನು ಒಳಗೊತ್ತಿ. ಓಡುವಾಗ ಒತ್ತಿದರೆ ಅದು ತಿರುಗುತ್ತಿರುವ ಗವರ್ನರಿಗೆ (ವೇಗಕ್ಕೆ ತಕ್ಕಂತೆ ಪೆಟ್ರೋಲ್ ಹೊಂದಿಸುವ ಭಾಗಕ್ಕೆ) ಸಿಕ್ಕಿ ಒಳಭಾಗ ಮುರಿಯುತ್ತದೆ. ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚು, ಎಡಕ್ಕೆ ಕಡಿಮೆ. ಒಂದು ಸಲಕ್ಕೆ ಒಂದೇ ಕ್ಲಿಕ್, ಮತ್ತೆ ಚಾಲೂ ಮಾಡಿ ಅದೇ ಪರೀಕ್ಷೆ.