ಮಾಲ್ಡೀವ್ಸ್‌ನಲ್ಲಿ ನಾನು ರೆಸಾರ್ಟ್ ಆರಿಸಿದ ಬಗೆ

ಮಾಲ್ಡೀವ್ಸ್‌ನಲ್ಲಿ ರೆಸಾರ್ಟ್ ಎಂದರೆ ಸಾಮಾನ್ಯವಾಗಿ ಒಂದು ಇಡೀ ದ್ವೀಪ. ಅಲ್ಲಿನ ಸುಮಾರು 1,200 ದ್ವೀಪಗಳಲ್ಲಿ ಊರುಗಳಿರುವುದು ಇನ್ನೂರರ ಆಸುಪಾಸು. ಉಳಿದವುಗಳಲ್ಲಿ ಹಲವನ್ನು ಒಂದೊಂದು ರೆಸಾರ್ಟಿಗೆ ಗುತ್ತಿಗೆ ಕೊಟ್ಟಿದ್ದಾರೆ. 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ಶುರುವಾಯಿತು. ಆಮೇಲೆ ಬಂದವುಗಳೂ ಬಹುಪಾಲು ಅದೇ ಜಾಡು ಹಿಡಿದವು. ಹಿಡಿಸಲಿಲ್ಲವೆಂದು ಪಕ್ಕದ ಹೋಟೆಲಿಗೆ ನಡೆದು ಹೋಗುವಂತಿಲ್ಲ, ಸುತ್ತಲೂ ಸಮುದ್ರ. ಆದ್ದರಿಂದ ಕೋಣೆಯ ಅಂದಚೆಂದ ಬದಿಗಿಟ್ಟು ಮೊದಲು ದ್ವೀಪವನ್ನು ಆರಿಸಲು ಕುಳಿತೆ. ನನ್ನ ಅಳತೆಗೋಲು ಒಂದೇ: ದಡದಿಂದ ಈಜಿಕೊಂಡೇ ಹವಳದ ದಿಬ್ಬದ ಅಂಚನ್ನು ತಲುಪಬಹುದೇ? ಇಡೀ ದೇಶವೇ ಹವಳದ ಮೇಲೆ ನಿಂತಿದೆ. ಅಲ್ಲಿಯವರೆಗೆ ಹೋಗಿ ಹವಳವನ್ನೇ ನೋಡದೆ ಬರಲು ನನಗೆ ಮನಸ್ಸಿರಲಿಲ್ಲ.

ಜಾಹೀರಾತಿನ ಚಿತ್ರಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕಂಬಗಳ ಮೇಲೆ ನಿಂತ ವಾಟರ್ ವಿಲ್ಲಾ, ಅದರ ಕೆಳಗೆ ತಿಳಿ ಹಸಿರುನೀಲಿ ನೀರು. ಆ ಬಣ್ಣ ಬರುವುದೇ ದಡಕ್ಕೂ ಹವಳದ ದಿಬ್ಬಕ್ಕೂ ನಡುವಿನ ಆಳವಿಲ್ಲದ ನೀರಿನ, ಅಂದರೆ ಲಗೂನಿನ, ಬಿಳಿ ಮರಳಿನಿಂದ. ಬರಿ ಮರಳಿರುವಲ್ಲಿ ಮೀನಿಗೆ ಅಡಗಲು ಜಾಗವಿಲ್ಲ, ತಿನ್ನಲು ಸಿಗುವುದೂ ಕಡಿಮೆ. ಹಾಗಾಗಿ ಉಪಗ್ರಹ ನಕ್ಷೆ ತೆರೆದು ಒಂದೊಂದೇ ದ್ವೀಪವನ್ನು ಹಿಗ್ಗಿಸಿ ನೋಡಿದೆ. ಅದನ್ನು ಓದುವುದು ಕಷ್ಟವಲ್ಲ. ದಡಕ್ಕೆ ಅಂಟಿಕೊಂಡ ತಿಳಿಬಣ್ಣದ ಪಟ್ಟಿ ಮರಳು. ಅದರಾಚೆ ಕಂದು ಮಚ್ಚೆಗಳ ಉಂಗುರ ಹವಳ. ಆ ಉಂಗುರ ಮುಗಿದು ಬಣ್ಣ ಥಟ್ಟನೆ ಕಡುನೀಲಿಗೆ ತಿರುಗುವ ಗೆರೆಯೇ ದಿಬ್ಬದ ಅಂಚು. ಅಲ್ಲಿಂದ ಸಮುದ್ರ ಕಡಿದಾಗಿ ಆಳಕ್ಕಿಳಿಯುತ್ತದೆ. ಮೀನಿನ ಹಿಂಡು, ಆಮೆ, ಶಾರ್ಕ್ ಎಲ್ಲವೂ ಹೆಚ್ಚಾಗಿ ಓಡಾಡುವುದು ಆ ಗೆರೆಯ ಉದ್ದಕ್ಕೂ. ನಕ್ಷೆಯಲ್ಲೇ ದೂರ ಅಳೆಯುವ ಸೌಲಭ್ಯವಿದೆ. ಕೆಲವು ದ್ವೀಪಗಳಲ್ಲಿ ಆ ಗೆರೆ ದಡದಿಂದ ಮೂವತ್ತು ನಲವತ್ತು ಮೀಟರ್ ಮಾತ್ರ, ಇನ್ನು ಕೆಲವಲ್ಲಿ ದೋಣಿಯಿಲ್ಲದೆ ಆಗದಷ್ಟು ದೂರ. ನನ್ನ ಹೆಂಡತಿಗೆ ಈಜು ಬಾರದು, ಮಗಳಿಗೆ ಈಜುಕೊಳದ ಅಭ್ಯಾಸ ಮಾತ್ರ. ದೂರದವುಗಳನ್ನೆಲ್ಲ ಪಟ್ಟಿಯಿಂದ ತೆಗೆದುಹಾಕಿದೆ.

ಉಳಿದ ರೆಸಾರ್ಟಿನವರಿಗೆ ಇಮೇಲ್ ಬರೆದು ಕೇಳಿದೆ: ನೀರಿಗಿಳಿಯಲು ಹವಳದ ನಡುವೆ ದಾರಿಗಳಿವೆಯೇ, ಎಷ್ಟು, ಯಾವ ಬದಿಯಲ್ಲಿ? 2024ರಲ್ಲಿ ಸಮುದ್ರ ಕಾದು ಹವಳ ಬಿಳಿಚಿಕೊಂಡಿತ್ತಲ್ಲ, ಈಗ ನಿಮ್ಮ ದಿಬ್ಬದ ಸ್ಥಿತಿ ಹೇಗಿದೆ? ಯಾವ ಸಂಖ್ಯೆಯ ಕೋಣೆಗಳು ಆ ದಾರಿಗಳಿಗೆ ಹತ್ತಿರ? ಒಂದು ಕಡೆಯಿಂದ ಬಂದ ಉತ್ತರದಲ್ಲಿ ಸೂರ್ಯಾಸ್ತದ ವರ್ಣನೆಯಿತ್ತು, ದಿಬ್ಬದ ಸುದ್ದಿಯೇ ಇರಲಿಲ್ಲ. ಇನ್ನೊಂದು ಕಡೆಯಿಂದ ದ್ವೀಪದ ನಕ್ಷೆ ಬಂತು, ದಾರಿಗಳಿಗೆ ಅಂಕಿ ಹಾಕಿತ್ತು. ಪೂರ್ವದ ಬದಿಯಲ್ಲಿ ಆಳವಿಲ್ಲದ ಕಡೆ ಹವಳ ಬಹಳಷ್ಟು ಸತ್ತಿದೆ, ಜೆಟ್ಟಿಯ ಪಕ್ಕದ ಇಳಿಜಾರಿನಲ್ಲಿ ಚೆನ್ನಾಗಿ ಉಳಿದಿದೆ ಎಂದು ಅವರ ಸಾಗರಜೀವಿ ತಜ್ಞೆಯೇ ಬರೆದಿದ್ದರು. ಕೆಟ್ಟದ್ದನ್ನೂ ಮುಚ್ಚಿಡದೆ ಹೇಳಿದ್ದಕ್ಕಾಗಿಯೇ ಅಲ್ಲಿ ಕೋಣೆ ಕಾದಿರಿಸಿದೆ.

ಕೋಣೆಯ ಬದಿಯನ್ನು ಆರಿಸುವಾಗ ಮಳೆಮಾರುತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೇ ತಿಂಗಳಿಂದ ಹೆಚ್ಚುಕಡಿಮೆ ನವೆಂಬರ್‌ವರೆಗೆ ನೈಋತ್ಯ ಮಾರುತ, ಅದನ್ನು ಅಲ್ಲಿನವರು ಹುಳಂಗು ಎನ್ನುತ್ತಾರೆ. ಇರುವಾಯಿ ಎಂಬ ಈಶಾನ್ಯ ಮಾರುತದ ಕಾಲ ಬೇರೆ. ಜನವರಿಯಿಂದ ಮಾರ್ಚ್‌ವರೆಗೆ ಮಳೆ ಕಡಿಮೆ, ದರ ಹೆಚ್ಚು. ಗಾಳಿಗೆ ಎದುರಾದ ಬದಿಯಲ್ಲಿ ಅಲೆ ಜೋರು, ಮರೆಯಾದ ಬದಿಯಲ್ಲಿ ನೀರು ಶಾಂತ. ಇಷ್ಟೇ ಆಗಿದ್ದರೆ ನಾನಿದನ್ನು ಎತ್ತುತ್ತಿರಲಿಲ್ಲ. ಈ ಪುಟ್ಟ ದ್ವೀಪಗಳಲ್ಲಿ ಮರಳೇ ಋತುವಿನೊಂದಿಗೆ ಜಾಗ ಬದಲಿಸುತ್ತದೆ. ಒಂದು ಮಾರುತದಲ್ಲಿ ಅಲೆಗಳು ಪಶ್ಚಿಮದಿಂದ ಕೊಚ್ಚಿ ಪೂರ್ವಕ್ಕೆ ಸೇರಿಸಿದ ಮರಳನ್ನು ಮುಂದಿನ ಮಾರುತ ಹಿಂದಕ್ಕೆ ತರುತ್ತದೆ. ಜನವರಿಯ ಚಿತ್ರದಲ್ಲಿ ಕೋಣೆಯ ಮುಂದೆ ಅಗಲವಾಗಿ ಹರಡಿದ್ದ ಮರಳದಂಡೆ ಆಗಸ್ಟ್‌ನಲ್ಲಿ ಅಲ್ಲಿ ಇರದೇ ಹೋಗಬಹುದು, ಅದರ ಬದಲು ಮರಳಿನ ಚೀಲಗಳ ಸಾಲು ಕಾಣಬಹುದು. ನಾನು ಹೋಗುವ ತಿಂಗಳಲ್ಲಿ ಮರಳು ಯಾವ ಬದಿಯಲ್ಲಿರುತ್ತದೆ ಎಂದು ಕೇಳಿಯೇ ಬೀಚ್ ವಿಲ್ಲಾದ ಸಂಖ್ಯೆಯನ್ನು ಬರೆಸಿದೆ. ವಾಟರ್ ವಿಲ್ಲಾಕ್ಕಿಂತ ಅದು ಅಗ್ಗ, ದಿಬ್ಬಕ್ಕೂ ಹತ್ತಿರ.

ದರಪಟ್ಟಿಯಲ್ಲಿ ಅಂಕಿಯ ಪಕ್ಕ ಎರಡು ಕೂಡಿಸುವ ಚಿಹ್ನೆಗಳಿದ್ದರೆ ಸೇವಾಶುಲ್ಕ ಮತ್ತು ತೆರಿಗೆ ಬೇರೆ ಎಂದರ್ಥ. ನೂರು ಡಾಲರಿಗೆ ಹತ್ತು ಶೇಕಡಾ ಸೇವಾಶುಲ್ಕ ಸೇರಿ 110 ಆಗುತ್ತದೆ, ಅದರ ಮೇಲೆ 2025ರ ಜುಲೈಯಿಂದ ಜಾರಿಗೆ ಬಂದ 17 ಶೇಕಡಾ ಪ್ರವಾಸೋದ್ಯಮ ಜಿಎಸ್‌ಟಿ ಸೇರಿದರೆ 128.70. ಇದಲ್ಲದೆ ರೆಸಾರ್ಟಿನಲ್ಲಿ ತಲೆಗೆ ದಿನಕ್ಕೆ 12 ಡಾಲರ್ ಹಸಿರು ತೆರಿಗೆ. ಎರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ವಿನಾಯಿತಿ. ಊರುಗಳಿರುವ ದ್ವೀಪಗಳ ಸಣ್ಣ ಅತಿಥಿಗೃಹಗಳಲ್ಲಿ ಈ ತೆರಿಗೆ ಅರ್ಧ. ಪ್ರಯಾಣದ ವೆಚ್ಚ ಇವೆಲ್ಲಕ್ಕೂ ಹೊರತು. ಎಲ್ಲವೂ ಸೇರಿದ ಮೊತ್ತವನ್ನು ಒಂದೇ ಅಂಕಿಯಾಗಿ ಬರವಣಿಗೆಯಲ್ಲಿ ಕೇಳಿ ಪಡೆದೆ.

ಪ್ರಯಾಣದಲ್ಲಿ ನೆನಪಿಡಬೇಕಾದದ್ದು ರೆಸಾರ್ಟಿಗೆ ಒಯ್ಯುವ ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ, ಹಾರುವುದು ಹಗಲಿನಲ್ಲಿ ಮಾತ್ರ ಎಂಬುದು. ಹುಳುಲೆ ದ್ವೀಪದ ವೆಲಾನಾ ವಿಮಾನ ನಿಲ್ದಾಣಕ್ಕೆ ಮಧ್ಯಾಹ್ನ ಕಳೆದು ತಡವಾಗಿ ಇಳಿದವರು ಆ ರಾತ್ರಿಯನ್ನು ರಾಜಧಾನಿ ಮಾಲೆಯಲ್ಲೋ ಹತ್ತಿರದ ಹುಳುಮಾಲೆ ದ್ವೀಪದಲ್ಲೋ ಕಳೆಯಬೇಕಾಗುತ್ತದೆ, ರೆಸಾರ್ಟಿಗೆ ಕಟ್ಟಿದ ಒಂದು ದಿನದ ಹಣವೂ ಹೋಗಬಹುದು. ನಾನು ಬೆಳಿಗ್ಗೆ ತಲುಪುವ ವಿಮಾನವನ್ನೇ ಹಿಡಿದೆ. ಸೀಪ್ಲೇನಿನಲ್ಲಿ ಸಾಮಾನನ್ನು ತೂಗುತ್ತಾರೆ, ಮಿತಿ ಸಾಮಾನ್ಯವಾಗಿ ತಲೆಗೆ 20 ಕಿಲೋ ಮತ್ತು ಕೈಚೀಲಕ್ಕೆ 5 ಕಿಲೋ. ವೀಸಾ ಅಲ್ಲಿ ಇಳಿದ ಮೇಲೆ ಉಚಿತವಾಗಿ ಸಿಗುತ್ತದೆ, ಆದರೆ ಇಮುಗಾ ಎಂಬ ಅಂತರ್ಜಾಲ ಅರ್ಜಿಯನ್ನು ಪ್ರಯಾಣಕ್ಕೆ ಮುಂಚಿನ 96 ಗಂಟೆಗಳೊಳಗೆ ತುಂಬಬೇಕು. ಮದ್ಯ ಒಯ್ಯುವಂತಿಲ್ಲ.

ತಲುಪಿದ ದಿನ ನೇರ ಡೈವ್ ಕೇಂದ್ರಕ್ಕೆ ಹೋದೆ. ಅಲ್ಲಿನ ಹಲಗೆಯ ಮೇಲೆ ಉಬ್ಬರ ಇಳಿತದ ಸಮಯವನ್ನೂ ಆ ದಿನದ ನೀರಿನ ಸೆಳೆತದ ದಿಕ್ಕನ್ನೂ ಬರೆದಿರುತ್ತಾರೆ. ಈ ಎರಡನ್ನು ನೋಡದೆ ನಾನು ಒಂದು ದಿನವೂ ನೀರಿಗಿಳಿಯಲಿಲ್ಲ. ಇಳಿತದಲ್ಲಿ ದಿಬ್ಬದ ನೆತ್ತಿಯ ಮೇಲೆ ಮೊಣಕಾಲುದ್ದ ನೀರೂ ಇರುವುದಿಲ್ಲ. ಹೊಟ್ಟೆ ತರಚುತ್ತದೆ, ಹವಳ ಮುರಿಯುತ್ತದೆ. ನೀರು ತುಂಬಿರುವಾಗಲೇ ದಾಟಬೇಕು, ಅದೂ ಗುರುತು ಹಾಕಿದ ದಾರಿಯಲ್ಲಿ. ಸೆಳೆತವಿರುವ ದಿನ ಅದರ ಮೇಲ್ಭಾಗದ ದಾರಿಯಲ್ಲಿ ಇಳಿದು, ಅದರೊಂದಿಗೇ ತೇಲುತ್ತ ಕೆಳಗಿನ ದಾರಿಯಲ್ಲಿ ಮೇಲೆ ಬರುವುದು ಕ್ರಮ. ಸೆಳೆತದ ವಿರುದ್ಧ ಈಜಿ ದಣಿಯುವುದೇ ಅಪಾಯ. ಎರಡು ದ್ವೀಪಗಳ ನಡುವಿನ ಕಾಲುವೆಯಂಥ ಜಾಗಗಳಲ್ಲಿ ಸೆಳೆತ ಬಲು ಜೋರು, ಆ ಕಡೆ ತಲೆ ಹಾಕಲಿಲ್ಲ.

ನೀರಿನಡಿ ನೋಡಲು ಕಣ್ಣು ಮೂಗಿಗೆ ಹಾಕುವ ಮಾಸ್ಕ್ ಮಾತ್ರ ಮನೆಯಿಂದಲೇ ಒಯ್ಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮುಖಕ್ಕೆ ಕೂರದ ಮಾಸ್ಕಿನೊಳಗೆ ನೀರು ಸೋರಿದರೆ ಹೊಸಬರಿಗೆ ಭಯ ಹುಟ್ಟುವುದು ಅಲ್ಲಿಂದಲೇ. ಮಗಳಿಗೆ ಮೊದಲು ಲಗೂನಿನಲ್ಲಿ ಎದೆಮಟ್ಟದ ನೀರಿನಲ್ಲಿ ಸ್ನಾರ್ಕೆಲ್ ಎಂಬ ಕೊಳವೆಯ ಮೂಲಕ ಉಸಿರಾಟ ರೂಢಿ ಮಾಡಿಸಿದೆ. ಹೆಂಡತಿ ಲೈಫ್ ಜಾಕೆಟ್ ತೊಟ್ಟು, ಮಾರ್ಗದರ್ಶಕ ಎಳೆಯುವ ತೇಲುಬಳೆ ಹಿಡಿದು ಬಂದಳು. ಅಂಚಿನಲ್ಲಿ ಕೆಳಗೆ ನೆಲವೇ ಇಲ್ಲದಂತಾದಾಗ ಆಕೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು, ಆದರೆ ತಿರುಗೋಣ ಎನ್ನಲಿಲ್ಲ. ಹಾಕ್ಸ್‌ಬಿಲ್ ಆಮೆಯೊಂದು ಹವಳದ ಸಂದಿಗೆ ಕೊಕ್ಕು ತೂರಿಸಿ ಏನನ್ನೋ ಕಿತ್ತು ತಿನ್ನುತ್ತಿತ್ತು, ನಮ್ಮ ಕಡೆ ನೋಡಲೂ ಇಲ್ಲ. ಗಿಳಿಮೂತಿಯ ಪ್ಯಾರಟ್‌ಫಿಶ್‌ಗಳು ಸತ್ತ ಹವಳವನ್ನು ಕಟಕಟನೆ ಕಡಿಯುವ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳುತ್ತದೆ. ಪಾಚಿಗಾಗಿ ಅವು ಕಡಿದು ನುಂಗಿದ ಹವಳ ಪುಡಿಯಾಗಿ ಹೊರಬಂದು ಬಿಳಿ ಮರಳಾಗುತ್ತದೆ. ನಾವು ಕಾಲು ಚಾಚಿ ಕೂರುವ ದಂಡೆಯಲ್ಲಿ ಅವುಗಳ ಪಾಲು ದೊಡ್ಡದು. ಒಂದು ಬೆಳಿಗ್ಗೆ ಕಪ್ಪು ರೆಕ್ಕೆತುದಿಯ ಮರಿ ಶಾರ್ಕ್ ದಡದ ಹತ್ತಿರವೇ ಬಂತು. ಮಗಳು ತಲೆಯೆತ್ತಿ, "ಅಪ್ಪಾ, ಅದೇ ನಮಗೆ ಹೆದರಿ ಹೋಯಿತು!" ಎಂದು ಕೂಗಿದಳು. ಮಾಲ್ಡೀವ್ಸ್ 2010ರಲ್ಲಿ ಶಾರ್ಕ್ ಬೇಟೆಯನ್ನೇ ನಿಷೇಧಿಸಿದ್ದರ ಫಲ ಇಂಥ ದಿನಗಳಲ್ಲಿ ಕಣ್ಣಿಗೆ ಬೀಳುತ್ತದೆ.

ನಾವು ನಿಜಕ್ಕೂ ಎಚ್ಚರದಿಂದಿದ್ದದ್ದು ಟೈಟಾನ್ ಟ್ರಿಗರ್‌ಫಿಶ್ ಎಂಬ ಮೀನಿನ ಬಗ್ಗೆ. ಗೂಡು ಕಾಯುವ ಹೊತ್ತಿನಲ್ಲಿ ಅದು ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ. ಅದು ಕಾಯುವ ಜಾಗ ಗೂಡಿನಿಂದ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ಮೇಲಕ್ಕೇರಿ ತಪ್ಪಿಸಿಕೊಳ್ಳಲಾಗದು, ಅಡ್ಡಲಾಗಿ ದೂರ ಸರಿಯಬೇಕು. ಮಾರ್ಗದರ್ಶಕರು ಇದನ್ನು ನೀರಿಗಿಳಿಯುವ ಮುಂಚೆಯೇ ಕೈಸನ್ನೆಯಲ್ಲಿ ಕಲಿಸಿದ್ದರು. ಬೆನ್ನಿಗೆ ಸನ್‌ಸ್ಕ್ರೀನ್ ಬಳಿಯುವ ಬದಲು ಮೂವರೂ ಪೂರ್ತಿ ತೋಳಿನ ಈಜುಡುಗೆ ತೊಟ್ಟೆವು. ಸಮಭಾಜಕದ ಹತ್ತಿರದ ಬಿಸಿಲಿಗೆ ಅದೇ ಸರಿ, ಹವಳಕ್ಕೂ ಒಳ್ಳೆಯದು.

ಸತ್ತ ಹವಳವನ್ನೂ ನೋಡಿದೆವು. ತಜ್ಞೆ ಹೇಳಿದ್ದ ಪೂರ್ವದ ಬದಿಯಲ್ಲಿ ಬೂದು ಬಣ್ಣದ ಮುರುಕುಗಳ ಮೈದಾನವೇ ಇತ್ತು. 1998ರಲ್ಲಿ ಆಳವಿಲ್ಲದ ಕಡೆಯ ಹವಳದ ಬಹುಭಾಗ ಸತ್ತಿತ್ತು, ನಿಧಾನವಾಗಿ ಚೇತರಿಸಿಕೊಳ್ಳುವಾಗ 2016ರಲ್ಲಿ ಮತ್ತೆ ಪೆಟ್ಟು, ಆಮೇಲೆ 2024. ಕಬ್ಬಿಣದ ಚೌಕಟ್ಟುಗಳಿಗೆ ಜೀವಂತ ಹವಳದ ತುಂಡು ಕಟ್ಟಿ ಬೆಳೆಸುವ ಕೆಲಸ ಅಲ್ಲಿ ನಡೆಯುತ್ತಿತ್ತು. ಮಗಳು ಒಂದು ಮಧ್ಯಾಹ್ನವೆಲ್ಲ ಅವರೊಂದಿಗೆ ಕುಳಿತು ತುಂಡುಗಳನ್ನು ಕಟ್ಟಿದಳು. ನೀರು ಹೀಗೆಯೇ ಬಿಸಿಯಾಗುತ್ತ ಹೋದರೆ ಚೌಕಟ್ಟುಗಳಿಂದ ದಿಬ್ಬ ಉಳಿಯದು ಎಂದು ಆ ತಜ್ಞೆಯೇ ಹೇಳಿದರು. ಆದರೂ ಕಟ್ಟುವುದನ್ನು ಅವರು ಬಿಟ್ಟಿಲ್ಲ.

ಮಾಂಟಾ ಎಂಬ ತೊರಕೆ ಮೀನುಗಳನ್ನು ನೋಡಬೇಕೆನ್ನುವವರು ಮಳೆಗಾಲಕ್ಕೆ ಹೆದರದೆ ಬಾ ಅಟಾಲ್ ಎಂಬ ಹವಳದ್ವೀಪಗಳ ಗುಂಪಿಗೆ ಹೋಗಬೇಕು. 2011ರಿಂದ ಅದು ಯುನೆಸ್ಕೊ ಜೀವಗೋಳ ಮೀಸಲು. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿನ ಹನಿಫಾರು ಕೊಲ್ಲಿಯಲ್ಲಿ ಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳು, ದಟ್ಟವಾಗಿ ಸೇರಿದಾಗ ಮಾಂಟಾಗಳು ಗುಂಪಾಗಿ ಬರುತ್ತವೆ. ಅಲ್ಲಿ ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾ ನಿಷಿದ್ಧ, ಸ್ನಾರ್ಕೆಲಿಂಗ್ ಮಾತ್ರ, ಅದೂ ಪರವಾನಗಿ ಪಡೆದು ಮಾರ್ಗದರ್ಶಕರೊಂದಿಗೆ. ಅವು ಬಂದ ಸುದ್ದಿ ತಿಳಿದ ಮೇಲೆಯೇ ದೋಣಿ ಹೊರಡುವುದರಿಂದ ತಂಗುವ ಮೊದಲ ದಿನವೇ ಹೆಸರು ಬರೆಸಿಡಬೇಕು, ಇಡೀ ತಂಗುವಿಕೆಯನ್ನು ಬೇರೆ ಕಾರ್ಯಕ್ರಮಗಳಿಂದ ತುಂಬಿಸಿಕೊಳ್ಳಬಾರದು.