ಫುಲ್ಲರ್ ಪಿಲ್ಚ್‌ನ ಬದುಕನ್ನು ದಾಖಲೆಗಳಿಂದ ಕಟ್ಟಿದ್ದು: ನನ್ನ ಅನುಭವ

1830ರ ದಶಕದಲ್ಲಿ ಇಂಗ್ಲೆಂಡಿನ ಅತ್ಯುತ್ತಮ ಬ್ಯಾಟ್ಸ್‌ಮನ್ ಎನಿಸಿಕೊಂಡಿದ್ದ ಫುಲ್ಲರ್ ಪಿಲ್ಚ್‌ನ ಸರಾಸರಿ 18ರ ಆಸುಪಾಸು. ಈ ಅಂಕಿಯನ್ನು ಇವತ್ತಿನ ಕಣ್ಣಿನಿಂದ ನೋಡಿದರೆ ಅವನಿಗೆ ಅನ್ಯಾಯವಾಗುತ್ತದೆ. ಹಾಗಾಗಿ ಹಳೆಯ ಕೌಂಟಿ (ಇಂಗ್ಲೆಂಡಿನ ಜಿಲ್ಲೆಯಂಥ ಪ್ರಾಂತ್ಯ) ಆಟಗಾರರ ಬಗ್ಗೆ ಬರೆಯುವಾಗ ರನ್ನಿನ ಲೆಕ್ಕವನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಆಳು ಯಾರೆಂಬುದು ಖಚಿತವಾಗಬೇಕು.

ಅಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದೇ 1837ರ ಜುಲೈನಲ್ಲಿ. ಪಿಲ್ಚ್ ಹುಟ್ಟಿದ್ದು 1804ರಲ್ಲಿ, ನಾರ್ಫೋಕ್ ಕೌಂಟಿಯ ಹಾರ್ನಿಂಗ್‌ಟಾಫ್ಟ್ ಹಳ್ಳಿಯಲ್ಲಿ. ಅವನ ಕಾಲದವರಿಗೆ ಚರ್ಚಿನ ರಿಜಿಸ್ಟರೇ ಗತಿ. ಆದರೆ ಅದರಲ್ಲಿರುವುದು ದೀಕ್ಷಾಸ್ನಾನದ ದಿನ. ಕೆಲವು ಮಕ್ಕಳಿಗೆ ಅದು ವರ್ಷಗಳ ನಂತರ ಆಗಿರುವುದೂ ಉಂಟು. 1841ರ ಜನಗಣತಿಯನ್ನು ಇನ್ನೂ ಎಚ್ಚರದಿಂದ ಓದಬೇಕು. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆ ಇದ್ದುದರಿಂದ 37ರವನು 35 ಆಗಿಬಿಡುತ್ತಾನೆ. 1851ರದ್ದರಲ್ಲಿ ಹುಟ್ಟಿದ ಊರೂ ಇರುತ್ತದೆ. ನಾನು ಅಲ್ಲಿಂದ ಶುರುಮಾಡಿ ಹಿಂದಕ್ಕೆ ಹೋಗುತ್ತೇನೆ.

ಮುಂದಿನ ತೊಡಕು ಹೆಸರಿನದು. ಸ್ಕೋರ್‌ಕಾರ್ಡಿನಲ್ಲಿ ಸಿರಿವಂತ ಹವ್ಯಾಸಿಗಳಿಗೆ ‘ಮಿಸ್ಟರ್’ ಇರುತ್ತದೆ. ಕೂಲಿಗೆ ಆಡುವವರಿಗೆ ಎಷ್ಟೋ ಸಲ ಮನೆತನದ ಹೆಸರು ಬಿಟ್ಟರೆ ಬೇರೇನಿಲ್ಲ. ಫುಲ್ಲರ್‌ನ ಅಣ್ಣಂದಿರಾದ ನಥಾನಿಯಲ್, ವಿಲಿಯಂ ಕೂಡ ನಾರ್ಫೋಕ್‌ಗೆ ಆಡಿದವರು. ಮುಂದೆ ಕೆಂಟ್ ಕೌಂಟಿಯ ತಂಡದಲ್ಲಿ ಅಣ್ಣನ ಮಗ ಇನ್ನೊಬ್ಬ ವಿಲಿಯಂ. ಬರೀ ‘ಪಿಲ್ಚ್’ ಎಂದಿದ್ದರೆ ತಾರೀಕು, ಊರು, ಬ್ಯಾಟಿಂಗ್ ಕ್ರಮ ಮೂರನ್ನೂ ಬರೆದುಕೊಂಡು ಕನಿಷ್ಠ ಎರಡು ಪತ್ರಿಕೆಗಳ ವರದಿಯೊಂದಿಗೆ ತಾಳೆ ನೋಡುತ್ತೇನೆ. ಎರಡೂ ಒಂದೇ ಅಕ್ಷರತಪ್ಪನ್ನು ಹೊತ್ತಿದ್ದರೆ ಒಂದು ಇನ್ನೊಂದರ ನಕಲು, ಎರಡನೆಯದು ಸಾಕ್ಷಿಯಲ್ಲ. 1825ರ ಜುಲೈನಲ್ಲಿ ಲಂಡನ್ನಿನ ಲಾರ್ಡ್ಸ್ ಮೈದಾನದ ಪೆವಿಲಿಯನ್ ಸುಟ್ಟುಹೋದಾಗ ಹಳೆಯ ದಾಖಲೆಗಳೂ ಬೂದಿಯಾದವು. ಅದಕ್ಕೆ ಹಿಂದಿನ ಪಂದ್ಯಗಳಿಗೆ ಪತ್ರಿಕೆಗಳನ್ನು ಹೆಚ್ಚು ಅವಲಂಬಿಸಬೇಕಾಗುತ್ತದೆ.

ನಾರ್ಫೋಕ್‌ನವನು ಕೆಂಟ್‌ಗೆ ಆಡಿದ್ದು ಹೇಗೆ? ವರ್ಷಕ್ಕೆ 100 ಪೌಂಡ್ ಕೊಡುತ್ತೇವೆಂದು ಕೆಂಟ್‌ನ ಟೌನ್ ಮಾಲಿಂಗ್ ಊರಿನವರು 1830ರ ದಶಕದ ನಡುವಿನಲ್ಲಿ ಅವನನ್ನು ಕರೆಸಿಕೊಂಡರು. ಹುಟ್ಟು ಅಥವಾ ವಾಸದಿಂದ ಕೌಂಟಿ ನಿರ್ಧರಿಸುವ ನಿಯಮ ಬಂದದ್ದು 1873ರಲ್ಲಿ. ಕ್ಯಾಂಟರ್ಬರಿಯಲ್ಲಿ ಕೆಂಟ್ ಕ್ಲಬ್ಬು ಹುಟ್ಟಿದ್ದೂ 1842ರಲ್ಲಿ. ಅದಕ್ಕೂ ಮುಂಚಿನ ‘ಕೆಂಟ್’ ಎಂದರೆ ಆ ಪಂದ್ಯಕ್ಕೆ ಕೂಡಿಸಿದ ಹನ್ನೊಂದು ಜನ. ಯಾರು ಕೂಡಿಸಿದರು, ಎದುರಾಳಿ ಯಾರು, ಹೊರಗಿನಿಂದ ಎರವಲು ಬಂದವರೆಷ್ಟು ಎಂಬುದನ್ನು ಪ್ರತಿ ಪಂದ್ಯಕ್ಕೂ ಗುರುತು ಹಾಕಬೇಕು.

ಬೌಲರ್‌ಗಳ ಲೆಕ್ಕದಲ್ಲಿ ಅತಿ ಹೆಚ್ಚು ಜನ ಎಡವುತ್ತಾರೆ. ಆಗಿನ ಹಲವು ಕಾರ್ಡುಗಳಲ್ಲಿ ಬೌಲ್ಡ್ ಆದರೆ ಮಾತ್ರ ಬೌಲರ್ ಹೆಸರು. ಕ್ಯಾಚ್ ಆದರೆ ಹಿಡಿದವನ ಹೆಸರಷ್ಟೇ. ‘ಕ್ಯಾಚ್ ಮಿನ್ 7’ (7 ರನ್ ಗಳಿಸಿದವನ ಕ್ಯಾಚ್ ಹಿಡಿದವನು ಮಿನ್) ಎಂಬಂಥ ಸಾಲಿನಲ್ಲಿ ಆ ವಿಕೆಟ್ ಯಾರದೆಂದು ಹೇಳುವಂತಿಲ್ಲ. ಹಾಗಾಗಿ ಆ ಕಾಲದ ಬೌಲರ್ ವಿಲಿಯಂ ಲಿಲಿವೈಟ್‌ನಂಥವನ ವಿಕೆಟ್ ಸಂಖ್ಯೆಯ ಮುಂದೆ ನಾನು ಸದಾ ‘ಕನಿಷ್ಠ’ ಎಂದು ಸೇರಿಸುತ್ತೇನೆ. ಕೊಟ್ಟ ರನ್ನು ಬರೆದಿಲ್ಲದ ಪಂದ್ಯಗಳನ್ನು ಸೇರಿಸಿ ಸರಾಸರಿ ಕಟ್ಟಲೇಬಾರದು.

ಬ್ಯಾಟಿಂಗಿಗೆ ನನ್ನ ಅಳತೆ ಆ ಪಂದ್ಯದ ಉಳಿದ ಇಪ್ಪತ್ತೊಂದು ಜನ. ಉಬ್ಬುತಗ್ಗಿನ ಮೈದಾನ, ಒಂದು ಚೆಂಡು ನೆಲಕ್ಕೆ ಅಂಟಿಕೊಂಡು ಹೋದರೆ ಇನ್ನೊಂದು ಪಕ್ಕೆಲುಬಿಗೆ. ಕೈಯನ್ನು ಪಕ್ಕಕ್ಕೆ ಚಾಚಿ ಎಸೆಯುವ ರೌಂಡ್‌ಆರ್ಮ್ ಬೌಲಿಂಗಿಗೆ ಭುಜದ ಮಟ್ಟದವರೆಗೆ ಒಪ್ಪಿಗೆ ಸಿಕ್ಕಿದ್ದು 1835ರಲ್ಲಿ. ಎತ್ತರದ ಆಳಾದ ಪಿಲ್ಚ್ ಎಡಗಾಲನ್ನು ಉದ್ದಕ್ಕೆ ಮುಂದಿಟ್ಟು, ಚೆಂಡು ನೆಲ ಮುಟ್ಟಿ ತಿರುಗುವ ಮೊದಲೇ ಬ್ಯಾಟ್ ತಾಗಿಸುತ್ತಿದ್ದ. 1834ರಲ್ಲಿ ಯಾರ್ಕ್‌ಷೈರ್ ವಿರುದ್ಧ ಔಟಾಗದೆ 153 ಹೊಡೆದದ್ದು ಆ ಆಟದಿಂದಲೇ.